ನಮ್ಮ ಊಟದ ಹೊತ್ತಿಗೆ ಕೂಗುವ ಜೀನ್

ಫೆಬ್ರವರಿ 3, ಸೋಮವಾರ

ಕಂಪ್ಯೂಟರಿನಲ್ಲಿ ಮತ್ತೆ ಜೀನ್‌ಗಳ ಜಾಲ ಹೆಣೆದದ್ದಾಯಿತು. ಮತ್ತೆ ಅದೇ ಗುಂಪು. ನಡುವೆ ಅದೇ ಮಹಾನುಭಾವ, ಕಾಲ ಮೇಲೆ ಕಾಲು ಹಾಕಿಕೊಂಡು. ಆ ಜೀನಿಗೆ ಲ್ಯಾಬಿನಲ್ಲಿ ಎಲ್ಲರೂ ಇಟ್ಟ ಹೆಸರು ಯಜಮಾನ. ಟೊಮೆಟೊ ಎಲೆಗೆ ರೋಗ ತಗಲಿದರೆ ಯಜಮಾನ ದನಿ ಏರಿಸುತ್ತಾನೆ. ಕೂಡಲೇ ಇನ್ನೂರು ಚಿಲ್ಲರೆ ಜೀನ್‌ಗಳು ಹೌದಪ್ಪ ಹೌದು ಎನ್ನುತ್ತವೆ. ಒಟ್ಟಿಗೆ ದನಿ ಏರಿಸಿ ಒಟ್ಟಿಗೆ ಇಳಿಸುವವರ ನಡುವೆ, ಇವರು ಸ್ನೇಹಿತರು ಎಂದು ಜೋಡಿಸುವ ಗೆರೆ ಎಳೆಯುವುದು — ನನ್ನ ಉದ್ಯೋಗ ಇಷ್ಟೇ. ಎರಡು ವರ್ಷದಿಂದ ಎಳೆಯುತ್ತಿದ್ದೇನೆ.

ಮುಂದಿನ ವಾರದ ಸಭೆಯಲ್ಲಿ ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಯಜಮಾನನನ್ನು ತಳಿ ವಿಭಾಗಕ್ಕೆ ಒಪ್ಪಿಸುತ್ತಾರೆ. ಅವನ ದನಿ ಜೋರಾಗಿರುವ ಗಿಡ ಹುಡುಕಿ, ರೋಗಕ್ಕೆ ಬಗ್ಗದ ತಳಿ ಬೆಳೆಸುವುದು ಅವರ ಕೆಲಸ. ಮೂರು-ನಾಲ್ಕು ವರ್ಷ ಹಿಡಿಯುತ್ತದೆ. ಯಜಮಾನ ಸುಳ್ಳುಗಾರನಾದರೆ ಅಷ್ಟೂ ವರ್ಷ ಮಣ್ಣುಪಾಲು.

ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ.

"ಒಟ್ಟಿಗೆ ಏರಿ ಇಳಿದ್ರೆ ಸ್ನೇಹಿತರು ಅಂತ ಹೇಗೇ ಹೇಳ್ತೀಯ? ಕರೆಂಟ್ ಹೋದಾಗ ನಿಮ್ಮಪ್ಪನೂ ಪಕ್ಕದ ಮನೆಯವ್ರೂ ಒಟ್ಟಿಗೇ ಹೊರಗೆ ಬರ್ತಾರೆ. ಇಬ್ರೂ ಮಾತು ಬಿಟ್ಟು ಎಷ್ಟು ಕಾಲ ಆಯ್ತು!"

ಅಪ್ಪ ಪೇಪರ್ ಹಿಂದಿನಿಂದ ಕೆಮ್ಮಿದರು. ವಿಜ್ಞಾನ, ಅಂದರೆ ನಾನು, ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಹೋದೆ.

ಫೆಬ್ರವರಿ 5, ಬುಧವಾರ

ಎಲೆಗಳ ಡೇಟಾ ಎರಡು ಪಾಲು ಮಾಡಿ, ಎರಡು ಜಾಲ ಹೆಣೆದೆ. ಎರಡರಲ್ಲೂ ಯಜಮಾನ. ಒಂದಷ್ಟು ಬಿಟ್ಟು ಹೆಣೆದೆ. ಯಜಮಾನ. ಬಂಡೆಯಷ್ಟು ಗಟ್ಟಿ! ಅಲ್ಲಿಗೇ ನಿಲ್ಲಿಸಿದ್ದರೆ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು. ಸುಮ್ಮನಿರಲಾರದೆ, ದೂರದ ಲ್ಯಾಬೊಂದು ಎಲ್ಲರಿಗೂ ತೆರೆದಿಟ್ಟ ಡೇಟಾ ಇಳಿಸಿಕೊಂಡೆ. ಅದೇ ಗಿಡ, ಅದೇ ರೋಗ. ನನ್ನ ಉಳಿದ ಗುಂಪುಗಳು ಅಲ್ಲೂ ಹೆಚ್ಚುಕಡಿಮೆ ಕೂಡಿಕೊಂಡಿವೆ. ಯಜಮಾನ? ಮೂಲೆಯಲ್ಲಿ ಮುಸುಕೆಳೆದು ಮಲಗಿದ್ದಾನೆ. ಹಿಂಬಾಲಕರು ಚೆಲ್ಲಾಪಿಲ್ಲಿ.

ನಮ್ಮ ಗೋಡೆಗಳೊಳಗೆ ಮಾತ್ರ ನಡೆಯುವ ಯಜಮಾನಿಕೆ. ಯಾಕೆ?

ಫೆಬ್ರವರಿ 8, ಶನಿವಾರ

ಮೇಡಂಗೆ ಹೇಳಿದೆ. "ಅವ್ರ ಡೇಟಾನೇ ಸರಿ ಇಲ್ದೇ ಇರ್ಬಹುದಮ್ಮ" ಎಂದರು. ಇರಬಹುದು. ಆದರೆ ನಮ್ಮದರಲ್ಲೇ ಕೆಲವು ಎಲೆಗಳಿವೆ — ರೋಗ ಜೋರು, ಯಜಮಾನ ಮೌನ. ಅವನ್ನೆಲ್ಲ ಒಂದೆಡೆ ಸೇರಿಸಿ ನೋಡಿದೆ. ಎಲ್ಲವೂ ಶನಿವಾರ ಕೊಯ್ದವು.

ಶನಿವಾರ ರಜೆ ಹಾಕುವ ಜೀನ್! ಅಮ್ಮನಿಗೆ ಹೇಳಲಿಲ್ಲ. ಆ ನಗು ತಡೆದುಕೊಳ್ಳುವ ಶಕ್ತಿ ಇವತ್ತಿಲ್ಲ.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆಯಿಂದ ಕತ್ತರಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಕತ್ತರಿ ಎಂದರೆ ಎಲೆ ಕೊಯ್ಯುವ ನಮ್ಮ ಟೆಕ್ನಿಷಿಯನ್.

"ಏನಕ್ಕಾ, ಸಿಐಡಿ ಕೆಲ್ಸಾನಾ?"

"ಸುಮ್ನೆ ಕತ್ತರ್ಸಪ್ಪ."

ಕೈ ಚೊಕ್ಕ. ಮೊದಲು ಆರೋಗ್ಯವಂತ ಗಿಡಗಳು. ಎಲೆ ಕೊಯ್ದ ಕೂಡಲೇ, ಕ್ಷಣದಲ್ಲಿ ಹೆಪ್ಪುಗಟ್ಟಿಸುವ, ಹೊಗೆಯಾಡುವ ಲಿಕ್ವಿಡ್ ನೈಟ್ರೋಜನ್‌ಗೆ — ಜೀನ್‌ಗಳ ಬಾಯಿ ಅಲ್ಲಿಗೇ ಬಂದ್. ರೋಗದ ಗಿಡಗಳು ಯಾವಾಗಲೂ ಕೊನೆಗೆ. ಇಲ್ಲದಿದ್ದರೆ ಕತ್ತರಿಯಂಚಿನಲ್ಲೇ ರೋಗ ಹರಡುತ್ತದೆ. ಎಲ್ಲ ಕ್ರಮಬದ್ಧ. ರೋಗದ ಎಲೆ ಕೊಯ್ದು ಟ್ರೇಗೆ ಹಾಕುವಷ್ಟರಲ್ಲಿ ಒಳಗಿನಿಂದ ಮೇಡಂ: "ಊಟಾ...!"

ಇದು ನಮ್ಮ ಲ್ಯಾಬಿನ ಕಾನೂನು. ಊಟ ಎಲ್ಲರೂ ಒಟ್ಟಿಗೆ. ಒಬ್ಬರು ಬರದಿದ್ದರೂ ಮೇಡಂ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ.

ಕತ್ತರಿ ಟ್ರೇಗೆ ಒದ್ದೆ ಬಟ್ಟೆ ಹೊದಿಸಿದ. "ಬಂದು ಅದ್ದಿದ್ರಾಯ್ತು. ಏಳಿ ಅಕ್ಕ, ಕಾಯ್ತಿದಾರೆ."

ಊಟ, ಹರಟೆ, ಯಾರದೋ ಮದುವೆಯ ಫೋಟೊ. ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ಕೊಯ್ದ ಎಲೆ ಇನ್ನೂ ಸತ್ತಿಲ್ಲ! ಅಲ್ಲಿ ಬಟ್ಟೆ ಹೊದ್ದು, ಅಯ್ಯೋ ಕಡಿದರಪ್ಪೋ ಎಂದು ಬೊಬ್ಬೆ ಹಾಕುತ್ತಿದೆ. ಹೀಗೆ ಊಟ ಮುಗಿಯುವವರೆಗೆ ಕಾಯುವುದು ಕೊನೆಗೆ ಕೊಯ್ದ ರೋಗದ ಎಲೆಗಳು ಮಾತ್ರ. ಶನಿವಾರ ಅರ್ಧ ದಿನ. ಊಟ ಇಲ್ಲ — ಎಲೆ ಅದ್ದಿ ಸೀದಾ ಮನೆಗೆ.

ಯಜಮಾನ ಕೂಗುತ್ತಿರುವುದು ರೋಗಕ್ಕಲ್ಲ. ನಮ್ಮ ಊಟಕ್ಕೆ.

ಫೆಬ್ರವರಿ 11, ಮಂಗಳವಾರ

"ಅಂದ್ರೆ ನನ್ನ ಊಟ ನಿನ್ನ ಜೀನಿಗೆ ಆಗಿ ಬರಲ್ಲ ಅಂತೀಯಾ?"

"ಊಟ ಅಲ್ಲ ಮೇಡಂ. ಎಲೆ ಕಾಯೋದು."

"ತಳಿ ವಿಭಾಗದವ್ರಿಗೆ ಏನಂತ ಹೇಳ್ಲಿ? ನಮಗೆ ಹೊಟ್ಟೆ ಹಸಿದಿತ್ತು ಅಂತಾನಾ?"

"ನಾಲ್ಕು ವರ್ಷ ಆದ್ಮೇಲೆ ಹೇಳೋದಕ್ಕಿಂತ ಈಗ್ಲೇ ವಾಸಿ."

ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಮತ್ತೆ ತೆಗೆದರು. "ಅನುಮಾನ ಸಾಲದು, ಸಾಕ್ಷಿ ತಾ. ಅಲ್ಲೀವರೆಗೂ ಸಭೆ ಮುಂದಕ್ಕೆ ಹಾಕ್ತೀನಿ."

ಕತ್ತರಿಯ ಮುಖ ಬಾಡಿತ್ತು. "ನನ್ನ ಕೈಯಿಂದ್ಲೇ ಹಾಳಾಯ್ತಾ ಅಕ್ಕ?"

"ನಿನ್ನ ಕೈ ಸರಿ ಇದೆ ಕಣೋ. ನಮ್ಮೆಲ್ಲರ ಹೊಟ್ಟೇದು ತಪ್ಪು."

ರೋಗವೇ ಇಲ್ಲದ ಗಿಡಗಳ ಎಲೆ ಕೊಯ್ದೆವು. ಅರ್ಧ ಕೂಡಲೇ ನೈಟ್ರೋಜನ್‌ಗೆ. ಅರ್ಧ ಒದ್ದೆ ಬಟ್ಟೆಯಡಿ, ಊಟ ಮುಗಿಯುವವರೆಗೆ. ಇಷ್ಟು ಎಚ್ಚರದಿಂದ ಹಿಂದೆಂದೂ ಉಂಡಿರಲಿಲ್ಲ.

ಮಾರ್ಚ್ 19, ಬುಧವಾರ

ಜೀನ್‌ಗಳ ದನಿ ಅಳೆಯುವ ಸೀಕ್ವೆನ್ಸಿಂಗ್ ಮಷಿನ್ ಮುಂದೆ ಉದ್ದದ ಸರದಿ. ಬರೆಯಲು ಏನೂ ಇರಲಿಲ್ಲ, ಉಗುರು ಕಚ್ಚುವುದರ ಹೊರತು. ಇಂದು ಫೈಲ್ ಬಂತು. ಬಟ್ಟೆಯಡಿ ಕಾದ ಎಲೆಗಳಲ್ಲಿ ಯಜಮಾನ ಪರಿವಾರ ಸಮೇತ ಹಾಜರು. ಕೂಡಲೇ ಅದ್ದಿದವುಗಳಲ್ಲಿ ಸದ್ದಿಲ್ಲ.

ಮೇಡಂ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರು. ತಾವೇ ತಳಿ ವಿಭಾಗಕ್ಕೆ ಫೋನ್ ಮಾಡಿದರು. "ಆ ಜೀನ್ ವಾಪಸ್ ತಗೋತಿದೀವಿ... ಇಲ್ಲ, ಬೇರೆ ಸದ್ಯಕ್ಕಿಲ್ಲ. ಹುಡುಕ್ತಿದೀವಿ."

ಅಳು ಬರಬೇಕಿತ್ತು. ಬರಲಿಲ್ಲ. ಶನಿವಾರದ ಎಲೆಗಳಷ್ಟನ್ನೇ ಇಟ್ಟುಕೊಂಡು ಹೆಣೆದೆ. ನೆಚ್ಚುವಂತಿಲ್ಲ, ಎಲೆಗಳು ತೀರಾ ಕಡಿಮೆ. ಆದರೆ ಒಂದು ಪುಟ್ಟ ಗುಂಪು, ಮೆಲುದನಿಯದು. ದೂರದ ಲ್ಯಾಬಿನ ಡೇಟಾದಲ್ಲೂ ಅವು ಜೊತೆಗಿವೆ! ಯಜಮಾನನ ಗದ್ದಲದಲ್ಲಿ ಕೇಳಿಸಿರಲಿಲ್ಲ. ಖಚಿತವಾಗಬೇಕಾದರೆ ಹೊಸ ಎಲೆ ಬೇಕು. ರಾಶಿ ಎಲೆ. ಮೊದಲಿನಿಂದ. ಆಗಲಿ.

"ಪಕ್ಕದ ಮನೆಯವ್ರ ವಿಷ್ಯ ನಾನು ಅವತ್ತೇ ಹೇಳಿರ್ಲಿಲ್ವಾ?" — ಅಮ್ಮ. ಒಂದು ವಾರ ಮನೆಗೆ ತಡವಾಗಿ ಬರುವುದು ಕ್ಷೇಮ.

ಏಪ್ರಿಲ್ 2, ಬುಧವಾರ, ಮಧ್ಯಾಹ್ನ

ಹೊಸ ಎಲೆಗಳ ಮೊದಲ ದಿನ. ಸ್ಟೂಲ್ ಮೇಲೆ ಕೂತು, ಒಂದು ಗಿಡಕ್ಕೂ ಇನ್ನೊಂದಕ್ಕೂ ನಡುವೆ ಗೀಚುತ್ತಿದ್ದೇನೆ. ಒಂದು ಎಲೆ, ಒಂದು ಅದ್ದು. "ಊಟಾ...!" ಬಂದು ಹೋಗಿ ಬಹಳ ಹೊತ್ತಾಯಿತು. ಕತ್ತರಿಯೂ ಏಳಲಿಲ್ಲ, ನಾನೂ. ಕೊನೆಗೆ ಮೇಡಂ ತಾವೇ ಬಾಗಿಲಿಗೆ ಬಂದರು. ಕೈಯಲ್ಲಿ ತೆರೆಯದ ಡಬ್ಬಿ.

"ಎಲ್ರೂ ಕಾಯ್ತಿದಾರೆ."

"ಕಾಯ್ಲಿ ಮೇಡಂ. ಎಲೆ ಕಾಯಲ್ಲ."

ಮೇಡಂ ನನ್ನನ್ನು ನೋಡಿದರು, ಟ್ರೇ ನೋಡಿದರು. ಡಬ್ಬಿಯನ್ನು ಕಿಟಕಿಯ ಬಳಿ ಇಟ್ಟು ತೋಳು ಮಡಚಿದರು. "ಸರಿ. ಎಲೆ ತುಂಬೋ ಟ್ಯೂಬ್ ನಾನು ಹಿಡೀತೀನಿ. ಎಷ್ಟು ಗಿಡ ಉಳಿದಿದೆ?"

ಮೂರು. ಹೊಟ್ಟೆಗಳೂ ಮೂರು, ಒಟ್ಟಿಗೇ ಗುರುಗುಟ್ಟುತ್ತಿವೆ. ಇವುಗಳ ನಡುವೆ ಧೈರ್ಯವಾಗಿ ಗೆರೆ ಎಳೆಯಬಹುದು... ಎಲೆ ಬಂತು —