ಮುಚ್ಚಿಟ್ಟ ಮೀನು

ಕಿಸುಮು, ಮಂಗಳವಾರ

ಅತ್ತೇ,

ಇಲ್ಲಿನ ಸರೋವರದಲ್ಲಿ ನೀರಿಗಿಂತ ಕಳೆಯೇ ಹೆಚ್ಚು ಕಾಣುತ್ತದೆ. ಆ ಕಳೆಯ ನಾರು ಹೆಣೆದು, ಮಂಜುಗಡ್ಡೆಯಿಲ್ಲದೆ ಮೀನು ತಂಪಾಗಿಡುವ ಬುಟ್ಟಿ ಮಾಡಬೇಕು, ಮಾರಿಯೂ ತೋರಿಸಬೇಕು. ಆಗ ಮಾತ್ರ ಈ ಕಾಲೇಜಿನಲ್ಲಿ ನಾವು ಪಾಸು. ನಿನ್ನೆ ನನ್ನ ಮೂರನೆಯ ಬುಟ್ಟಿಯನ್ನು, ಬಿಗಿ ಮುಚ್ಚಳದ ಸಮೇತ, ಮೀನು ಮಾರುವ ಅಕೇಲೊ ಅಮ್ಮನ ಮುಂದೆ ಜಂಭದಿಂದ ಇಟ್ಟೆ. ಅವರು ಬಿದ್ದು ಬಿದ್ದು ನಕ್ಕರು.

“ಮುಚ್ಚಿಟ್ಟ ಮೀನು ಯಾರವ್ವ ಕೊಳ್ತಾರೆ? ಕಣ್ಣು ನೋಡ್ಬೇಕು, ಕಿವಿರು ಎತ್ತಿ ನೋಡ್ಬೇಕು. ಇಲ್ದಿದ್ರೆ ಕೊಳೆತದ್ದು ಅಂತ ಪಕ್ಕದವಳ ಹತ್ರ ಹೋಗ್ತಾರೆ. ಮಾಡೋಕ್ ಮುಂಚೆ ನನ್ನನ್ನ ಒಂದ್ಮಾತು ಕೇಳೋಕಾಗ್ಲಿಲ್ವಾ?”

ನಾಚಿಕೆಯಾಯಿತು. ಸೋರೆಬುರುಡೆಯಲ್ಲಿ ಹುಳಿಬರಿಸಿದ ಹಾಲು ಮಾರುವಾಗ ನೀನೂ ಮೊದಲು ಮುಚ್ಚಳ ತೆಗೆದು ಗಿರಾಕಿಗೆ ಮೂಸಲು ಕೊಡುತ್ತೀಯಲ್ಲ, ಅದನ್ನು ನೋಡುತ್ತಲೇ ಬೆಳೆದವಳು ನಾನು!

ಬೆರಳುಗಳು ಸುಲಿದಿವೆ, ಎಣ್ಣೆ ಹಚ್ಚುತ್ತಿದ್ದೇನೆ, ಗಾಬರಿಯಾಗಬೇಡ. ದುಡ್ಡೂ ಕಳಿಸಬೇಡ. ಬೆಳಿಗ್ಗೆಯಿಂದ ಅಕೇಲೊ ಅಮ್ಮನ ಪಕ್ಕದಲ್ಲೇ ಕೂತು ನಾಲ್ಕನೆಯದನ್ನು ಹೆಣೆಯುತ್ತಿದ್ದೇನೆ. ಸುತ್ತಿಗೊಂದು ಬೈಗುಳ ಬೀಳುತ್ತಿದೆ. ಅವರ ಮೀನು ಇದರೊಳಗೆ ಮಲಗುವವರೆಗೂ ನಾನು ಊರಿಗೆ ಬರುವುದಿಲ್ಲ.

ಕಾರ್ಡು ಮುಗಿಯಿತು. ಈಗಷ್ಟೇ ಅವರೇ ಒಂದು ಮೀನು ಎತ್ತಿ ನನ್ನ ತೊಡೆಯ ಮೇಲೆ ಹಾಕಿ, “ತಗೋ, ಇದ್ರ ಅಳತೆಗೆ ಹೆಣಿ” ಎಂದರು.

ನಿನ್ನ ಜೆಪ್ತನುಯಿ