ಬಕೆಟ್‌ನಲ್ಲಿ ಎಂಟು ಮಾಸ್ಕ್

ಫೆಬ್ರವರಿ 9, ಬೆಳಿಗ್ಗೆ 6.20

ಇವತ್ತು ಬೋಟಿನಲ್ಲಿ ಹನ್ನೊಂದು ಜನ ಗಿರಾಕಿಗಳು. ಆರು ಜನಕ್ಕೆ ಈಜು ಬರುವುದಿಲ್ಲ. ಆದರೆ ಆಮೆ ಬೇಕು, ಬಣ್ಣದ ಮೀನು ಬೇಕು, ಹವಳದ ಮೇಲೆ ನಿಂತು ಫೋಟೊ ಬೇಕು. “ನಿಲ್ಲಬೇಡಿ, ಅದು ಕಲ್ಲಲ್ಲ, ಜೀವ ಇದೆ” ಎಂದು ದಿನಾ ಗಂಟಲು ಹರಿದುಕೊಳ್ಳುತ್ತೇನೆ. ತಲೆ ಆಡಿಸುತ್ತಾರೆ. ನೀರಿಗಿಳಿದು ನಿಲ್ಲುತ್ತಾರೆ.

ಅಕ್ಕನ ಗಂಡನ ಬೋಟು, ಅಕ್ಕನ ಗಂಡನ ದರ್ಬಾರು. ಎದುರಿಗೆ “ಭಾವ, ನೀವು”. ಈ ಡೈರಿಯಲ್ಲಿ ಏಕವಚನವೇ ಸಾಕು.

ಫೆಬ್ರವರಿ 11

ಬೋಟಿನ ಹಗ್ಗ ಕಟ್ಟಲು ತೇಲುವ ಡ್ರಮ್ ಇದೆ. ಅಲ್ಲಿಗೆ ಹೋಗುವಷ್ಟೂ ತಾಳ್ಮೆ ಇಲ್ಲ ಇವನಿಗೆ. ಲಂಗರು ಎಸೆದ. ಬಿದ್ದದ್ದು ಹವಳದ ಮೇಲೆ. ನಾನು ಇಲ್ಲಿಗೆ ಬಂದಾಗಿನಿಂದ ನೋಡುತ್ತಿದ್ದ ದೊಡ್ಡ ಹವಳ — ಎರಡು ಹೋಳು. ಬಾಯಿ ತಡೆಯಲಿಲ್ಲ.

“ಕಣ್ಣು ಎಲ್ಲಿಟ್ಟಿದ್ರಿ ಭಾವ?”

ಗಿರಾಕಿಗಳೆಲ್ಲ ತಿರುಗಿ ನೋಡಿದರು.

“ಬೋಟು ನಂದು. ನೀನು ಮೀನು ತೋರ್ಸೋಳು, ಅಷ್ಟೇ. ಇನ್ಮೇಲೆ ಜನರನ್ನ ಎಣಿಸೋದೂ ನಾನೇ. ಬಾಯಿ ಮುಚ್ಕೊಂಡು ಈಜು.”

ಸಂಜೆ ಅಕ್ಕ: “ಹೋಗ್ಲಿ ಬಿಡೇ, ಅವರ ಸ್ವಭಾವ ನಿಂಗೆ ಗೊತ್ತಲ್ಲ.” ಗೊತ್ತು. ಅದಕ್ಕೇ ಮೈ ಉರಿಯುತ್ತದೆ.

ಫೆಬ್ರವರಿ 20

ಒಂಬತ್ತು ದಿನ ಮಾತಿಲ್ಲ. ಆರಾಮ.

ಅವನ ಎಣಿಕೆ ನೋಡಿದೆ. ನಗು ಬಂತು. ತಲೆ ಎಣಿಸುವುದೇ ಇಲ್ಲ! ನೀರಿನಿಂದ ಮೇಲೆ ಬಂದವರು ಕಣ್ಣು-ಮೂಗು ಮುಚ್ಚುವ ಈಜು ಮಾಸ್ಕ್ ತೊಳೆಯಲು ಸಿಹಿನೀರಿನ ಬಕೆಟ್‌ಗೆ ಹಾಕುತ್ತಾರಲ್ಲ, ಅದನ್ನು ಎಣಿಸುತ್ತಾನೆ. ಹತ್ತು ಕೊಟ್ಟಿದ್ದು, ಹತ್ತು ಬಂತು, ಎಂಜಿನ್ ಸ್ಟಾರ್ಟ್. ಯಾರ ಮುಖವನ್ನೂ ನೋಡುವುದಿಲ್ಲ. ಸೋಮಾರಿ.

ಹೇಳಬೇಕು... ನಾನ್ಯಾಕೆ ಹೇಳಲಿ? ಬಾಯಿ ಮುಚ್ಕೋ ಅಂದವನು ಅವನೇ.

ಮಾರ್ಚ್ 2, ಬೆಳಿಗ್ಗೆ 7

ಒಂಬತ್ತು ಜನ. ಗಾಜು ಮಂಜಾಗದಂತೆ ಮಾಸ್ಕಿನೊಳಗೆ ಉಗಿದು ಉಜ್ಜಬೇಕು ಎಂದು ತೋರಿಸಿದೆ. ಒಬ್ಬ ಅಜ್ಜಿ ಮುಖ ಸಿಂಡರಿಸಿದರು.

“ಇದಕ್ಕೆ ಎಷ್ಟು ಜನ ಉಗಿದಿದ್ದಾರೋ! ನಲವತ್ತು ವರ್ಷ ನರ್ಸ್ ಆಗಿದ್ದೋಳು ನಾನು. ನಂದು ನನ್ಹತ್ರ ಇದೆ ಕಣಮ್ಮ.” ಚೀಲದಿಂದ ಸ್ವಂತ ಮಾಸ್ಕ್ ತೆಗೆದರು. ತಿಂಗಳಲ್ಲಿ ಇಷ್ಟವಾದ ಮೊದಲ ಗಿರಾಕಿ.

ನಮ್ಮದು ಎಂಟು ಕೊಟ್ಟೆ. ಭಾವ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ.

ಮಾರ್ಚ್ 2, ಸಂಜೆ 5

ನರ್ಸಮ್ಮನನ್ನು ನೀರಲ್ಲೇ ಬಿಟ್ಟು ಬಂದೆವು. ಆಮೆಯ ಹಿಂದೆ ಹೋಗಿದ್ದರಂತೆ, ನನ್ನ ಸೀಟಿ ಕೇಳಿಸಲಿಲ್ಲವಂತೆ. ಇಪ್ಪತ್ತು ನಿಮಿಷ ಬಂದ ಮೇಲೆ ಗಿರಾಕಿಗಳಲ್ಲಿ ಕೆಂಪು ಟೋಪಿಯವನೊಬ್ಬ ಕೇಳಿದ: “ಆ ಅಜ್ಜಿ ಎಲ್ಲಿ?” ಭಾವನ ಮುಖ ಬೂದಿ. ಬೋಟು ತಿರುಗಿಸಿದ. ಮತ್ತೆ ಇಪ್ಪತ್ತು ನಿಮಿಷ.

ಹವಳದ ಮೇಲೆ ನಿಂತಿದ್ದರು. ನೀರು ಏರಿ ಗದ್ದಕ್ಕೆ ಬಂದಿತ್ತು. ಮೇಲೆತ್ತಿದಾಗ ಪಾದದ ತುಂಬ ರಕ್ತ. ನನ್ನನ್ನೇ ನೋಡಿ ಹೇಳಿದರು: “ನಿಲ್ಲಬೇಡಿ ಅಂತ ನೀನು ಅಂದಿದ್ದೆ. ನಿಂತೆ. ಏನ್ಮಾಡ್ತೀಯ?”

ಬೋಟು ಹೊರಟಾಗ ನಾನು ಕಾಲಿನ ಈಜು ಫಿನ್ ಬಿಚ್ಚುತ್ತಿದ್ದೆ. ನೋಡಲಿಲ್ಲ.

ಮಾರ್ಚ್ 5

ಬಂದರು ಕಚೇರಿ. ಬೋಟಿಗೆ ಸೀಲ್ ಬಿದ್ದಿದೆ. ಅಧಿಕಾರಿ ಕೇಳಿದರು: “ಎಣಿಕೆ ಯಾರ ಜವಾಬ್ದಾರಿ?”

“ಭಾವಂದು.”

ಸುಳ್ಳಲ್ಲ. ಹೇಳುವಾಗ ಖುಷಿಯಾಯಿತು, ಅದೂ ಸುಳ್ಳಲ್ಲ. ಅವನು ತಲೆ ತಗ್ಗಿಸಿ ಕೂತಿದ್ದ. ನಾಳಿದ್ದು ನಾನು ಹೇಳಿಕೆಗೆ ಸಹಿ ಹಾಕಬೇಕು. ಹಾಕಿದರೆ ಅವನ ಪರ್ಮಿಟ್ ಶಾಶ್ವತವಾಗಿ ಹೋಗುತ್ತದೆ. ಹೋಗಲಿ.

ಮಾರ್ಚ್ 6, ಮಧ್ಯಾಹ್ನ

ಅಕ್ಕ ಬಂದಿದ್ದಳು. ಅಳಲಿಲ್ಲ, ಗಂಡನ ಪರ ಮಾತಾಡಲೂ ಇಲ್ಲ. ಬಾಗಿಲಲ್ಲೇ ನಿಂತಳು.

“ಒಂದೇ ಮಾತು ಕೇಳ್ತೀನಿ. ಆ ಅಮ್ಮ ಹತ್ತಿಲ್ಲ ಅಂತ ನಿಂಗೆ ಗೊತ್ತಿತ್ತಾ?”

“ಇಲ್ಲ.”

“ನೀನು ಯಾವತ್ತೂ ಎಣಿಸದೇ ಇರೋಳಲ್ಲ ಕಣೇ,” ಎಂದಳು. ಹೋದಳು.

ಅವತ್ತು ಬೋಟು ಹೊರಡುವಾಗ ಫಿನ್ ಆಗಲೇ ಬಿಚ್ಚಿದ್ದೆ. ಬೆಂಚಿನ ಕೆಳಗೆ ಅವರ ಚಪ್ಪಲಿ ಇತ್ತು, ಕಂಡಿತು. ಭಾವ ಬಕೆಟ್ ನೋಡಿ “ಎಂಟು, ಸರಿ” ಅಂದ. ಬಾಯಿ ತೆರೆದೆ. ಮುಚ್ಚಿದೆ. ಎರಡು ನಿಮಿಷ ಹೋಗಲಿ, ಎಲ್ಲರೆದುರು ಅವನ ಮರ್ಯಾದೆ ತೆಗೆಯೋಣ ಅಂದುಕೊಂಡೆ. ಎರಡೇ ನಿಮಿಷ. ಅವನು ಹಾಡು ಗುನುಗುತ್ತಿದ್ದ. ಇನ್ನೂ ಸ್ವಲ್ಪ ಹೋಗಲಿ ಅನ್ನಿಸಿತು. ಕೆಂಪು ಟೋಪಿಯವನು ಕೇಳದೇ ಹೋಗಿದ್ದರೆ ನಾನು —