ಗಾಜಿನ ತಟ್ಟೆಯ ಬಳೆಗಳು

ಮಾನಂದವಾಡಿ,
12 ಆಗಸ್ಟ್ 1957

ತೀರ್ಥರೂಪರಾದ ಅಪ್ಪನಿಗೆ ಸುನಂದೆಯ ನಮಸ್ಕಾರ.

ರೋಗಾಣುಗಳನ್ನು ಕೊಲ್ಲುವ ಜೀವಹಿಂಸೆಯ ಕೆಲಸ ಬಿಟ್ಟು ಮನೆಗೆ ಬಾ ಎಂದು ಬರೆದಿದ್ದೀರಿ. ಅದಕ್ಕೆ ಉತ್ತರ ಕೊಡುವ ಮೊದಲು ಈ ವಾರ ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳಬೇಕು.

ತಿರುವಾಂಕೂರಿನಿಂದ ಬಂದು ಇಲ್ಲಿ ಕಾಡು ಕಡಿದು ನೆಲೆಸಿದ ಏಲಿಕುಟ್ಟಿ ಎಂಬಾಕೆಯ ಕಾಲಿನ ಗಾಯ ತಿಂಗಳಾದರೂ ಮಾದಿರಲಿಲ್ಲ. ಅದರ ಕೀವನ್ನು ಗಾಜಿನ ತಟ್ಟೆಯಲ್ಲಿ, ರೋಗಾಣು ಬೆಳೆಸಲು ಹಾಕಿದ ಹೆಪ್ಪುಗಟ್ಟಿದ ಗಂಜಿಯಂಥ ಆಹಾರದ ಮೇಲೆ ಒಂದು ಚುಕ್ಕೆಯಷ್ಟು ಇಟ್ಟೆ. ಮರುದಿನ ಬಳೆಯ ಸುತ್ತ ಬಳೆ ಮೂಡಿ ತಟ್ಟೆಯೇ ತುಂಬಿತ್ತು. ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನೀಳ ರೋಗಾಣುಗಳು ಮೈಗೆ ಮೈ ತಾಗಿಸಿಕೊಂಡು ತೆಪ್ಪಗಳಂತೆ ಸಾಗುತ್ತಿದ್ದವು. ಸಾಗಿ, ನಿಂತು, ಮತ್ತೆ ಹೊರಡುತ್ತವಂತೆ. ನಿಂತಲ್ಲೆಲ್ಲ ಒಂದು ಬಳೆ.

“ಒಂಟಿಯಾದ್ರೆ ಇಲ್ಲಿ ಒಂದೂ ಕದಲಲ್ಲ ಮೋಳೇ. ಮೈತುಂಬ ಕಾಣದಷ್ಟು ಸಣ್ಣ ಎಳೆಗಳಿವೆ, ಅವನ್ನ ಬೀಸ್ಕೊಂಡು ಒಟ್ಟಿಗೆ ಹೋಗ್ತವೆ. ಆ ಎಳೆಗಳೂ ಪ್ರೋಟೀನೇ, ನಿನ್ನ ಜಡೆ ಹಾಗೆ,” ಎಂದು ಮಗಳಿಗೆ ಹೇಳುವಂತೆ ಹೇಳಿದರು.

ನಾನು ಕೈಮುಗಿದೆ. ಬಸದಿಯಲ್ಲೂ ನನ್ನ ಮೈ ಹಾಗೆ ಜುಂ ಎಂದಿರಲಿಲ್ಲ.

ಆ ಬಳೆಗಳಿಂದಲೇ ರೋಗಾಣು ಯಾವುದೆಂದು ತಿಳಿದು ಡಾಕ್ಟರಮ್ಮ ಔಷಧ ಬದಲಿಸಿದರು. ತಟ್ಟೆಯನ್ನು ಕುದಿನೀರಿಗೆ ಹಾಕುವುದು ನನ್ನ ಕೆಲಸ. ಬೇರೆಯವರಿಗೆ ಹೇಳಬಹುದಿತ್ತು. ಆ ಜೀವಗಳ ಕ್ಷಮೆ ಕೇಳಿ ನಾನೇ ಹಾಕಿದೆ. ಆಮೇಲೆ ಅತ್ತೆ.

ನಿನ್ನೆ ಏಲಿಕುಟ್ಟಿ ನನ್ನ ಹೆಗಲು ಹಿಡಿದು ಬಾಗಿಲವರೆಗೆ ನಡೆದಳು. “ಇನ್ನು ಬಿಡು ಮೋಳೇ, ನಾನೇ ಹೋಗ್ತೀನಿ,” ಎಂದಳು.

ಅಪ್ಪ, ನಾನು ಇಲ್ಲೇ ಇರುತ್ತೇನೆ. ಗಾಯಕ್ಕೆ ಕಟ್ಟಲು ಇಲ್ಲಿ ಬಟ್ಟೆ ಸಾಲದು. ನಿಮ್ಮ ಹಳೆಯ ಪಂಚೆಗಳನ್ನು ಒಗೆದು, ನಮ್ಮ ಕಲ್ಲೂರಿನಿಂದ ಇತ್ತ ಬರುವವರ ಕೈಯಲ್ಲಿ ಕಳಿಸಿ. ಕಳಿಸಿದರೆ ನೀವು ಒಪ್ಪಿದಿರಿ ಎಂದುಕೊಳ್ಳುತ್ತೇನೆ.

ನಿಮ್ಮ ಮಗಳು,
ಸುನಂದೆ